ಏಳು ಸದನಗಳ ಪೂಣಚ್ಚ

ಮಡಿಕೇರಿ ಕೋಟೆಯೊಳಗೆ ಒಂದು ಸಭಾಂಗಣವಿದೆ. ಬರ ಪರಿಹಾರ, ಕಾಡಾನೆ ಹಾವಳಿ, ದಸರಾ ಸಿದ್ಧತೆ ಎಂದು ಅಲ್ಲಿ ಸಭೆ ನಡೆದಾಗಲೆಲ್ಲ ಪತ್ರಿಕೆಗಳು ಅದನ್ನು ‘ಕೋಟೆ ಹಳೆ ವಿಧಾನ ಸಭಾಂಗಣ’ ಎಂದೇ ಬರೆಯುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನ ಅಕ್ಕನ ಮಗಳು ಒಂದು ದಿನ ಪತ್ರಿಕೆ ಹಿಡಿದುಕೊಂಡೇ ಕೇಳಿದಳು: “ಮಾವ, ವಿಧಾನಸಭೆ ಇರುವುದು ಬೆಂಗಳೂರಿನಲ್ಲಿ. ಇದು ಯಾವ ವಿಧಾನಸಭೆ?”

ಇದು ಕೊಡಗು ರಾಜ್ಯದ ವಿಧಾನಸಭೆ ಎಂದೆ. ಹಾಗಾದರೆ ಮುಖ್ಯಮಂತ್ರಿ ಯಾರು ಎಂದಳು. ಸಿ.ಎಂ. ಪೂಣಚ್ಚ ಎಂದೆ. “ಸಿ.ಎಂ. ಎಂದು ಗೊತ್ತಾಯಿತು, ಪೂರ್ತಿ ಹೆಸರು ಹೇಳಿ” ಎಂದಳು. ತಪ್ಪು ಅವಳದಲ್ಲ. ಚೆಪ್ಪುಡಿರ ಎಂಬುದು ಒಕ್ಕದ, ಅಂದರೆ ಕೊಡವ ಮನೆತನದ ಹೆಸರು, ಮುತ್ತಣ್ಣ, ಆಮೇಲೆ ಪೂಣಚ್ಚ. ಸಿ.ಎಂ. ಆಗುವ ಬಹಳ ಮೊದಲೇ ಅವರು ಸಿ.ಎಂ. ಆಗಿದ್ದರು.

ಆಕೆಗೆ ಭಾರತದ ಸಂಸದೀಯ ವ್ಯವಸ್ಥೆಯನ್ನು ಪಠ್ಯಪುಸ್ತಕದ ಅಧ್ಯಾಯಗಳಿಂದ ವಿವರಿಸುವುದಕ್ಕಿಂತ ಈ ಒಬ್ಬ ಮನುಷ್ಯನ ಹಿಂದೆ ನಡೆದರೆ ಸುಲಭ ಎಂದು ನನಗೆ ಆಗ ಹೊಳೆಯಿತು. ಕೂರ್ಗ್ ಲೆಜಿಸ್ಲೇಟಿವ್ ಕೌನ್ಸಿಲ್, ಸಂವಿಧಾನ ರಚನಾ ಸಭೆ, ತಾತ್ಕಾಲಿಕ ಸಂಸತ್ತು, ಕೊಡಗು ವಿಧಾನಸಭೆ, ಮೈಸೂರು ವಿಧಾನಸಭೆ, ರಾಜ್ಯಸಭೆ, ಲೋಕಸಭೆ. ಲೆಕ್ಕ ಹಾಕಿದರೆ ಏಳು ಸದನ. ಅವುಗಳಲ್ಲಿ ನಾಲ್ಕು ಈಗ ಇಲ್ಲ, ಐದನೆಯದರ ಹೆಸರು ಬದಲಾಗಿದೆ. ಇಷ್ಟು ಸಾಲದೆಂಬಂತೆ ಕೊನೆಯಲ್ಲಿ ಎರಡು ರಾಜಭವನಗಳು.

ಮೊದಲನೆಯದರಿಂದ ಹೊರಡೋಣ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಮೇಲೆ ಕೊಡಗನ್ನು ಮೈಸೂರಿಗೂ ಸೇರಿಸಲಿಲ್ಲ, ಮದ್ರಾಸಿಗೂ ಸೇರಿಸಲಿಲ್ಲ. ಚೀಫ್ ಕಮಿಷನರ್ ಆಳುವ ಪುಟ್ಟ ಪ್ರಾಂತವಾಗಿ ಇಟ್ಟುಕೊಂಡರು. 1924ರಲ್ಲಿ ಅದಕ್ಕೊಂದು ಲೆಜಿಸ್ಲೇಟಿವ್ ಕೌನ್ಸಿಲ್ ಬಂತು. ಇಪ್ಪತ್ತು ಸದಸ್ಯರು, ಹದಿನೈದು ಮಂದಿ ಚುನಾಯಿತರು, ಐವರು ನಾಮಕರಣಗೊಂಡವರು. ಮಾತನಾಡಬಹುದು, ಪ್ರಶ್ನೆ ಕೇಳಬಹುದು, ಆದರೆ ಕೊನೆಯ ಮಾತು ಚೀಫ್ ಕಮಿಷನರರದ್ದೇ. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡು ಬಂದ ಪೂಣಚ್ಚನವರು 1940ರ ದಶಕದಲ್ಲಿ ಈ ಕೌನ್ಸಿಲ್ಲಿನ ಸದಸ್ಯರಾದರು.

ಸಂವಿಧಾನ ರಚನಾ ಸಭೆಗೆ ಪ್ರತಿನಿಧಿಗಳನ್ನು ಕಳಿಸಲು 1946ರಲ್ಲಿ ಬ್ರಿಟಿಷ್ ಸರ್ಕಾರ ಕಳಿಸಿದ ಕ್ಯಾಬಿನೆಟ್ ಮಿಷನ್ ಹಾಕಿಕೊಟ್ಟ ಲೆಕ್ಕ ಹೆಚ್ಚುಕಡಿಮೆ ಹತ್ತು ಲಕ್ಷ ಜನರಿಗೆ ಒಬ್ಬರು. 1941ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 1,68,726. ಈ ಅಳತೆಗೆ ಕೊಡಗು ಎಲ್ಲೂ ನಿಲ್ಲುತ್ತಿರಲಿಲ್ಲ. ಆದರೆ ಅದು ಪ್ರತ್ಯೇಕ ಪ್ರಾಂತವಾಗಿದ್ದುದರಿಂದ ಅದರ ಕೌನ್ಸಿಲ್ ಆರಿಸಿದ ಒಬ್ಬರಿಗೆ ಜಾಗ ಕೊಡಲಾಯಿತು. ಆ ಒಬ್ಬರು ಪೂಣಚ್ಚ. ಪ್ರಾತಿನಿಧ್ಯ ಎಂಬುದು ತಲೆ ಎಣಿಕೆಯಿಂದಲೇ ಬರಬೇಕೆಂದಿಲ್ಲ, ಗಡಿರೇಖೆಯಿಂದಲೂ ಬರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಕೊಡಗಿಗೆ ತಿರುಗಿ ಬಡಿಯುತ್ತದೆ.

1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು, ಆದರೆ ಹೊಸ ಸಂಸತ್ತು ಇರಲಿಲ್ಲ. ಸಾರ್ವತ್ರಿಕ ಚುನಾವಣೆ ಮುಗಿದು 1952ರಲ್ಲಿ ಲೋಕಸಭೆ ಕೂಡುವವರೆಗೆ ಸಂವಿಧಾನ ಬರೆದ ಸಭೆಯೇ ತಾತ್ಕಾಲಿಕ ಸಂಸತ್ತಾಗಿ ಮುಂದುವರಿಯಿತು. ಕುರ್ಚಿ ಅದೇ, ಕೆಲಸ ಬೇರೆ. ಅದೇ ಸಂಸತ್ತು 1951ರಲ್ಲಿ ‘ಸಿ’ ರಾಜ್ಯಗಳ ಸರ್ಕಾರ ಕಾಯ್ದೆಯನ್ನು ಅಂಗೀಕರಿಸಿತು. ಕೆಲವೇ ತಿಂಗಳಲ್ಲಿ ತಾವು ಕೂರಲಿದ್ದ ಮುಖ್ಯಮಂತ್ರಿ ಪೀಠವನ್ನು ಹುಟ್ಟಿಸಿದ ಕಾನೂನು ಪಾಸಾಗುವಾಗ ಪೂಣಚ್ಚನವರು ಅದೇ ಸದನದ ಸದಸ್ಯರು.

‘ಸಿ’ ರಾಜ್ಯ ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂದಿನ ಓದುಗರಿಗೆ ಕೇಂದ್ರಾಡಳಿತ ಪ್ರದೇಶ ಗೊತ್ತು, ರಾಜ್ಯ ಗೊತ್ತು. ಇವೆರಡರ ನಡುವಿನ ಈ ತಳಿ ಮರೆತುಹೋಗಿದೆ. ಸಂವಿಧಾನದ ಮೂಲ ಪಠ್ಯದಲ್ಲಿ ರಾಜ್ಯಗಳು ಎ, ಬಿ, ಸಿ ಎಂದು ಮೂರು ಪಟ್ಟಿಯಲ್ಲಿದ್ದವು. ಹಳೆಯ ಬ್ರಿಟಿಷ್ ಪ್ರಾಂತಗಳು ‘ಎ’: ಮದ್ರಾಸ್, ಮುಂಬಯಿ ಮುಂತಾದವು. ದೊಡ್ಡ ಸಂಸ್ಥಾನಗಳು ‘ಬಿ’: ಮೈಸೂರು, ಹೈದರಾಬಾದ್ ಇತ್ಯಾದಿ. ಉಳಿದ ಚಿಕ್ಕವು ‘ಸಿ’: ಅಜ್ಮೇರ್, ಭೋಪಾಲ್, ದೆಹಲಿ, ಕಚ್ಛ್, ಮಣಿಪುರ, ತ್ರಿಪುರಾ, ಕೊಡಗು ಮುಂತಾದವು. ‘ಸಿ’ ರಾಜ್ಯವನ್ನು ಆಳುವವರು ರಾಷ್ಟ್ರಪತಿ. ಅವರ ಪರವಾಗಿ ಚೀಫ್ ಕಮಿಷನರ್ ಅಥವಾ ಲೆಫ್ಟಿನೆಂಟ್ ಗವರ್ನರ್. 1951ರ ಕಾಯ್ದೆ ಇವುಗಳಲ್ಲಿ ಕೆಲವಕ್ಕಷ್ಟೇ ವಿಧಾನಸಭೆಯನ್ನೂ ಮಂತ್ರಿಮಂಡಲವನ್ನೂ ಕೊಟ್ಟಿತು, ಕೊಡಗು ಅವುಗಳಲ್ಲೊಂದು.

ಕೊಟ್ಟಿತು, ಆದರೆ ಹಗ್ಗ ಕಟ್ಟಿಯೇ ಕೊಟ್ಟಿತು. ಸಂಪುಟ ಸಭೆಗೆ ಚೀಫ್ ಕಮಿಷನರ್ ಬಂದರೆ ಅಧ್ಯಕ್ಷತೆ ಅವರದೇ, ಮುಖ್ಯಮಂತ್ರಿಯದಲ್ಲ. ಮಂತ್ರಿಗಳಿಗೂ ಅವರಿಗೂ ಅಭಿಪ್ರಾಯಭೇದ ಬಂದರೆ ವಿಷಯ ರಾಷ್ಟ್ರಪತಿಗೆ, ಅಂದರೆ ದೆಹಲಿಯ ಕಡತಕ್ಕೆ. ವಿಧಾನಸಭೆ ಕಾನೂನು ಮಾಡಬಹುದು, ಆದರೆ ಅದೇ ವಿಷಯದ ಮೇಲೆ ಸಂಸತ್ತೂ ಮಾಡಬಹುದು. ಎರಡೂ ಡಿಕ್ಕಿಯಾದರೆ ಗೆಲ್ಲುವುದು ಸಂಸತ್ತಿನದು. ಇತ್ತೀಚಿನ ವರ್ಷಗಳಲ್ಲಿ ದೆಹಲಿಯ ಮುಖ್ಯಮಂತ್ರಿಗೂ ಅಲ್ಲಿನ ಲೆಫ್ಟಿನೆಂಟ್ ಗವರ್ನರ್‌ಗೂ ನಡೆದ ಜಟಾಪಟಿಯನ್ನು ಟಿವಿಯಲ್ಲಿ ನೋಡಿದವರಿಗೆ 1952ರ ಮಡಿಕೇರಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ.

1952ರ ಚುನಾವಣೆಯಲ್ಲಿ ಕೊಡಗು ವಿಧಾನಸಭೆಗೆ 24 ಸ್ಥಾನಗಳಿದ್ದವು. ಮೈಸೂರಿನೊಂದಿಗೆ ವಿಲೀನವಾಗಬೇಕು ಎಂದ ಕಾಂಗ್ರೆಸ್ 15 ಗೆದ್ದಿತು. ವಿಲೀನ ಬೇಡ ಎಂದ ತಕ್ಕಡಿ ಪಕ್ಷದವರು 9 ಗೆದ್ದರು. ತಕ್ಕಡಿಯ ನಾಯಕ ಪಂದ್ಯಂಡ ಬೆಳ್ಯಪ್ಪ. ಅಪ್ಪಟ ಗಾಂಧಿವಾದಿ, ಪೂಣಚ್ಚನವರಂತೆಯೇ ಸ್ವಾತಂತ್ರ್ಯ ಹೋರಾಟದಿಂದ ಬಂದವರು. ಎದುರಾಳಿಗಳಿಬ್ಬರೂ ಒಂದೇ ಗರಡಿಯ ಆಳುಗಳು ಎಂಬುದು ಆ ಚುನಾವಣೆಗೆ ಒಂದು ಘನತೆ ಕೊಟ್ಟಿತ್ತು ಎಂದು ನನಗೆ ಅನಿಸುತ್ತದೆ.

ಮಾರ್ಚ್ 27ರಂದು ಮಂತ್ರಿಮಂಡಲ ಪ್ರಮಾಣ ಸ್ವೀಕರಿಸಿತು. ಮಂಡಲ ಎಂದರೆ ಇಬ್ಬರು: ಮುಖ್ಯಮಂತ್ರಿ ಪೂಣಚ್ಚ ಮತ್ತು ಮಂತ್ರಿ ಕುಟ್ಟೂರು ಮಲ್ಲಪ್ಪ. ಚೀಫ್ ಕಮಿಷನರ್ ದಯಾಸಿಂಗ್ ಬೇಡಿ ಅವರೂ ಬಂದು ಕೂತರೆ ಮೂವರು. ಒಂದೇ ಬೆಂಚಿನ ಮೇಲೆ ಇಡೀ ಸರ್ಕಾರ ಕೂರಬಹುದಿತ್ತು. ಇಂದು ಖಾತೆ ಹಂಚಿಕೆಗೆ ದೆಹಲಿಗೆ ಓಡಾಡುವುದನ್ನು ನೋಡುವವರಿಗೆ ಇದು ಕಟ್ಟುಕಥೆಯಂತೆ ಕೇಳಿಸಬಹುದು.

ದೆಹಲಿಯಲ್ಲಿಯೂ ಕೊಡಗಿಗೆ ಅದರ ಗಾತ್ರಕ್ಕೆ ಮೀರಿದ ಜಾಗವಿತ್ತು. ಸುಮಾರು 2.29 ಲಕ್ಷ ಜನರ ರಾಜ್ಯಕ್ಕೆ ಲೋಕಸಭೆಯಲ್ಲಿ ಸ್ವಂತ ಒಂದು ಸ್ಥಾನ. ಬೇರೆ ಕಡೆ ಅಂತಹ ಒಂದು ಸ್ಥಾನಕ್ಕೆ ಏಳು ಲಕ್ಷದ ಆಸುಪಾಸು ಜನ ಬೇಕಿತ್ತು. ರಾಜ್ಯಸಭೆಯ ಏರ್ಪಾಡು ಇನ್ನೂ ಸೊಗಸು: ಅಜ್ಮೇರ್ ಮತ್ತು ಕೊಡಗು ಎರಡಕ್ಕೂ ಸೇರಿ ಒಂದೇ ಸ್ಥಾನ. ರಾಜಸ್ಥಾನದ ಮರಳಿಗೂ ನಮ್ಮ ಆಟಿ ತಿಂಗಳ ಮಳೆಗೂ ಒಬ್ಬರೇ ಪ್ರತಿನಿಧಿ!

1953ರಲ್ಲಿ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು, 1955ರಲ್ಲಿ ವರದಿ ಬಂತು. ಇಷ್ಟು ಚಿಕ್ಕ ರಾಜ್ಯಗಳು ತಮ್ಮ ಕಾಲ ಮೇಲೆ ನಿಲ್ಲಲಾರವು ಎಂಬುದು ‘ಸಿ’ ರಾಜ್ಯಗಳ ಬಗ್ಗೆ ಆಯೋಗದ ಒಟ್ಟು ನೋಟ; ಕೊಡಗು ಕರ್ನಾಟಕಕ್ಕೆ ಸೇರಲಿ ಎಂದು ಅದು ಹೇಳಿತು. 1956ರ ನವೆಂಬರ್ 1ರಂದು ಕೊಡಗು ರಾಜ್ಯ ವಿಶಾಲ ಮೈಸೂರಿನ ಜಿಲ್ಲೆಯಾಯಿತು. ಸಂವಿಧಾನದ ಏಳನೇ ತಿದ್ದುಪಡಿ ಎ, ಬಿ, ಸಿ ಪಟ್ಟಿಗಳನ್ನೇ ಅಳಿಸಿಹಾಕಿತು. ಕೊಡಗಿನ ಮೊದಲ ಮುಖ್ಯಮಂತ್ರಿಯೇ ಅದರ ಕೊನೆಯ ಮುಖ್ಯಮಂತ್ರಿಯೂ ಆದರು.

ಇದು ಸರಿಯಾಯಿತೋ ತಪ್ಪಾಯಿತೋ ಎಂಬ ವಾದ ನಮ್ಮ ಮದುವೆ ಮನೆಗಳಲ್ಲಿ ಇನ್ನೂ ಮುಗಿದಿಲ್ಲ. ನಾನು ಲೆಕ್ಕವನ್ನಷ್ಟೇ ಮುಂದಿಡುತ್ತೇನೆ. 24 ಶಾಸಕರಿದ್ದ ಕೊಡಗಿಗೆ 2008ರವರೆಗೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರು ಕ್ಷೇತ್ರಗಳಿದ್ದವು. ಆಮೇಲೆ ಸೋಮವಾರಪೇಟೆಯೂ ಹೋಗಿ ಎರಡು ಉಳಿದವು. ಲೋಕಸಭೆಯ ಸ್ವಂತ ಸ್ಥಾನ ಹೋಗಿ ಮೊದಲು ಮಂಗಳೂರಿನ ಬಾಲವಾಗಿ, ಈಗ ಮೈಸೂರಿನ ಜೊತೆಗಾರನಾಗಿ ಇದ್ದೇವೆ. ಗಡಿರೇಖೆ ಕೊಟ್ಟದ್ದನ್ನು ಗಡಿರೇಖೆಯೇ ಕಿತ್ತುಕೊಂಡಿತು, ತಲೆ ಎಣಿಕೆ ಉಳಿಯಿತು. ಇನ್ನೊಂದು ಕಡೆಯಿಂದ ನೋಡಿದರೆ, ದೆಹಲಿಯಿಂದ ಬಂದ ಅಧಿಕಾರಿಯೊಬ್ಬರು ಚುನಾಯಿತರ ಸಂಪುಟ ಸಭೆಗೆ ಅಧ್ಯಕ್ಷತೆ ವಹಿಸುವ ಏರ್ಪಾಡೂ ಅಂದಿಗೆ ಮುಗಿಯಿತು. ‘ಸ್ವಂತ ರಾಜ್ಯವಿತ್ತು’ ಎಂದು ನಿಟ್ಟುಸಿರು ಬಿಡುವವರು ಈ ಎರಡನೆಯ ಭಾಗವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಪೂಣಚ್ಚನವರು ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾದರು. 24 ಜನರ ಸದನದ ನಾಯಕರಾಗಿದ್ದವರು 208 ಜನರ ಸದನದಲ್ಲಿ ಒಬ್ಬರಾದರು. ಮುಖ್ಯಮಂತ್ರಿಯಾಗಿದ್ದವರು ಕೆಳಗಿನ ಹುದ್ದೆ ಒಪ್ಪಿಕೊಳ್ಳುವುದು ನಮ್ಮ ರಾಜಕೀಯದಲ್ಲಿ ಅಪರೂಪ. ಆಮೇಲೆ ಕೆಲವು ವರ್ಷ ಅವರು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದರು. ಅದು ಆಮದು ರಫ್ತಿನ ಸರ್ಕಾರಿ ಸಂಸ್ಥೆ.

ದೆಹಲಿಗೆ ಅವರು ಮರಳಿದ್ದು 1964ರಲ್ಲಿ, ರಾಜ್ಯಸಭೆಯ ದಾರಿಯಿಂದ. ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಜನ ನೇರವಾಗಿ ಆರಿಸದ ರಾಜ್ಯಸಭೆಯವರು ಮಂತ್ರಿಯಾಗುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಸಂವಿಧಾನ ಕೇಳುವುದು ಸಂಸತ್ತಿನ ಯಾವುದಾದರೂ ಒಂದು ಸದನದ ಸದಸ್ಯತ್ವವನ್ನು ಮಾತ್ರ. ಸದಸ್ಯರಲ್ಲದವರೂ ಮಂತ್ರಿಯಾಗಬಹುದು, ಆದರೆ ಆರು ತಿಂಗಳೊಳಗೆ ಯಾವುದಾದರೂ ಸದನ ಸೇರಬೇಕು. 1966ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಪ್ರಧಾನಿಯಾದಾಗ ಅವರೇ ರಾಜ್ಯಸಭೆಯ ಸದಸ್ಯೆ. ಅದೇ ವರ್ಷ ಪೂಣಚ್ಚನವರು ಕೇಂದ್ರದಲ್ಲಿ ರಾಜ್ಯ ಸಚಿವರಾದರು. ಈ ‘ರಾಜ್ಯ ಸಚಿವ’ ಎಂಬ ಪದ ಕನ್ನಡದಲ್ಲಿ ಮಾಡುವ ಅನಾಹುತ ಅಷ್ಟಿಷ್ಟಲ್ಲ. ಅದಕ್ಕೂ ರಾಜ್ಯ ಸರ್ಕಾರಕ್ಕೂ ಸಂಬಂಧವಿಲ್ಲ. ಕೇಂದ್ರ ಮಂತ್ರಿಗಳಲ್ಲೇ ಸಂಪುಟ ದರ್ಜೆಗಿಂತ ಒಂದು ಮೆಟ್ಟಿಲು ಕೆಳಗಿನವರು, ಉಪಸಚಿವರಿಗಿಂತ ಒಂದು ಮೆಟ್ಟಿಲು ಮೇಲಿನವರು.

1967ರ ಚುನಾವಣೆ ಕಾಂಗ್ರೆಸ್ಸಿಗೆ ಕೆಟ್ಟ ಕಾಲ. ಹಲವು ರಾಜ್ಯಗಳು ಕೈತಪ್ಪಿದವು, ಲೋಕಸಭೆಯಲ್ಲಿ ಬಹುಮತ ತೆಳುವಾಯಿತು. ಆ ಚುನಾವಣೆಯಲ್ಲಿ ಪೂಣಚ್ಚನವರು ಮಂಗಳೂರು ಕ್ಷೇತ್ರದಿಂದ ಲೋಕಸಭೆಗೆ ಗೆದ್ದರು. ಕೊಡಗು ಆಗ ಆ ಕ್ಷೇತ್ರದೊಳಗೇ ಇತ್ತು. ಸಂಪಾಜೆ ಘಾಟಿಯ ಮೇಲೂ ಕೆಳಗೂ ಒಂದೇ ಮತಕ್ಷೇತ್ರ. ಮಾರ್ಚ್ 13ರಂದು ಅವರು ದೇಶದ ರೈಲ್ವೆ ಸಚಿವರಾದರು. ಬಳ್ಳಾರಿಯಿಂದ ಗೆದ್ದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರಿಗೆ ಅದೇ ಸರ್ಕಾರದಲ್ಲಿ ಸಾರಿಗೆ ಮತ್ತು ನೌಕಾಯಾನ ಸಿಕ್ಕಿತು. ರೈಲು ಒಬ್ಬ ಕನ್ನಡ ನಾಡಿನ ಸಂಸದರ ಕೈಯಲ್ಲಿ, ರಸ್ತೆ ಮತ್ತು ಹಡಗು ಇನ್ನೊಬ್ಬರ ಕೈಯಲ್ಲಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಕರ್ನಾಟಕದಲ್ಲಿ ರೈಲು ಹಳಿ ಇಲ್ಲದ ಏಕೈಕ ಜಿಲ್ಲೆ ಕೊಡಗು. ದೇಶಕ್ಕೆ ರೈಲ್ವೆ ಸಚಿವರನ್ನು ಕೊಟ್ಟ ಊರಿನವರು ರೈಲು ಹತ್ತಲು ಮೈಸೂರಿಗೋ ಹಾಸನಕ್ಕೋ ತಲಶ್ಶೇರಿಗೋ ಬಸ್ಸಿನಲ್ಲಿ ಹೋಗಬೇಕು. “ಅಜ್ಜ, ನಿಮ್ಮವರೇ ಮಂತ್ರಿಯಾಗಿದ್ದರಲ್ಲ, ಒಂದು ಹಳಿ ಹಾಕಿಸಲಿಲ್ಲವೇ?” ಎಂದು ನಾನು ಚಿಕ್ಕಂದಿನಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರನ್ನು ಕೇಳಿದ್ದೆ. ಅವರು ಕಾಳುಮೆಣಸು ಹರವುವುದನ್ನು ನಿಲ್ಲಿಸದೆಯೇ, “ಘಾಟಿ ಕಡಿಯುವವರು ಯಾರು, ನೀನಾ?” ಎಂದಿದ್ದರು.

ಉತ್ತರ ಚಿಕ್ಕದಾದರೂ ಬಹುಪಾಲು ಸರಿ. ರೈಲ್ವೆ ಸಚಿವರು ಮೇಜಿನ ಮೇಲೆ ನಕ್ಷೆ ಹರಡಿ ತಮ್ಮೂರಿಗೆ ಗೆರೆ ಎಳೆಯುವುದಿಲ್ಲ. ಕೆಲವರು ಎಳೆದಿರಬಹುದು, ಆದರೆ ಎಳೆದ ಗೆರೆ ಹಳಿಯಾಗುವುದಕ್ಕೆ ಸಮೀಕ್ಷೆ ಬೇಕು, ಹಾಕಿದ ಬಂಡವಾಳಕ್ಕೆ ಪ್ರತಿಫಲದ ಲೆಕ್ಕ ಬೇಕು, ಯೋಜನಾ ಆಯೋಗದ ಒಪ್ಪಿಗೆ ಬೇಕಿತ್ತು. ಅದರ ಹಿಂದೆ ಇನ್ನೊಂದು ವಿಷಯವಿದೆ. 1924ರಿಂದ ರೈಲ್ವೆಗೆ ಪ್ರತ್ಯೇಕ ಬಜೆಟ್ ಇತ್ತು. ರೈಲ್ವೆಯನ್ನು ಒಂದು ವ್ಯಾಪಾರದಂತೆ ನೋಡಿ, ಸರ್ಕಾರ ಹಾಕಿದ ಬಂಡವಾಳಕ್ಕೆ ಅದು ಪ್ರತಿ ವರ್ಷ ಲಾಭಾಂಶ ಕಟ್ಟಬೇಕು ಎಂಬುದು ಅದರ ತಿರುಳು. ಈ ಪದ್ಧತಿ 2017ರಲ್ಲಷ್ಟೇ ನಿಂತಿತು. ಪೂಣಚ್ಚನವರು ಸಚಿವರಾದದ್ದು ಸತತ ಎರಡು ಬರಗಾಲಗಳು ಮುಗಿಯುತ್ತಿದ್ದಾಗ. ಬೆಳೆ ಇಲ್ಲ, ಕಾರ್ಖಾನೆಗಳಲ್ಲಿ ಉತ್ಪಾದನೆ ಮಂದ, ಹಾಗಾಗಿ ಸರಕು ಸಾಗಣೆಯೂ ಕಡಿಮೆ. ಸರಕೇ ರೈಲ್ವೆಯ ಅನ್ನದಾತ. ಲಾಭಾಂಶ ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವ ಬದಲು ಕೊರತೆ ಬೀಳತೊಡಗಿತ್ತು. ಅಂಥ ಹೊತ್ತಿನಲ್ಲಿ ಸರಕೂ ಕಡಿಮೆ, ಜನರೂ ಕಡಿಮೆ ಇರುವ ಗುಡ್ಡಗಾಡಿಗೆ ಸುರಂಗ ಕೊರೆಯುತ್ತೇನೆ ಎಂದರೆ ಸ್ವಂತ ಇಲಾಖೆಯ ಲೆಕ್ಕಿಗರೇ ನಕ್ಕಿರುತ್ತಿದ್ದರು.

ಆ ಕಾಲದ ಹಾಸನ–ಮಂಗಳೂರು ಮಾರ್ಗವನ್ನೇ ನೋಡಿ. ಹೊಸ ಬಂದರಿಗೆ ಅದಿರು ಇಳಿಸಬೇಕಿತ್ತು, ಅದಕ್ಕೊಂದು ಸಮರ್ಥನೆಯಿತ್ತು. ಆದರೂ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟ ಇಳಿಸಿ ಅದು ಪೂರ್ತಿಯಾದದ್ದು 1979ರಲ್ಲಿ. ಆ ಹಳಿಯೂ ಕೊಡಗಿನ ಉತ್ತರಕ್ಕೆ ಸುತ್ತು ಹಾಕಿಯೇ ಹೋಯಿತು. ಇತ್ತೀಚೆಗೆ ಮೈಸೂರು ಬಳಿಯ ಬೆಳಗೊಳದಿಂದ ಕುಶಾಲನಗರದವರೆಗಿನ ಸುಮಾರು 87 ಕಿಲೋಮೀಟರ್ ಮಾರ್ಗದ ಮಾತು ಬಂದಾಗ, ತಲಶ್ಶೇರಿ ಮಾರ್ಗದ ಮಾತು ಬಂದಾಗ, ಕಾಡು ಮತ್ತು ಕಾವೇರಿಯ ಹೆಸರಿನಲ್ಲಿ ಮೊದಲು ಬೀದಿಗಿಳಿದವರು ಕೊಡಗಿನವರೇ. ರೈಲು ಬೇಕೆಂದು ಈ ಜಿಲ್ಲೆ ಎಂದೂ ಒಂದೇ ಕಂಠದಿಂದ ಕೇಳಿಲ್ಲ. ಆದ್ದರಿಂದ ಪೂಣಚ್ಚನವರ ಮೇಲಿನ ಈ ಆರೋಪವನ್ನು ನಾನು ಒಪ್ಪುವುದಿಲ್ಲ.

ಅವರ ಅವಧಿಯಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಹಳಿಯಲ್ಲ, ಮುಷ್ಕರ. 1968ರ ಸೆಪ್ಟೆಂಬರ್ 19ರಂದು ಕೇಂದ್ರ ಸರ್ಕಾರಿ ನೌಕರರು ಅಗತ್ಯಾಧಾರಿತ ಕನಿಷ್ಠ ವೇತನ ಕೇಳಿ ಒಂದು ದಿನದ ಮುಷ್ಕರ ಮಾಡಿದರು, ರೈಲ್ವೆ ನೌಕರರೂ ಅದರಲ್ಲಿದ್ದರು. ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಮುಷ್ಕರವನ್ನು ನಿಷೇಧಿಸಿತು. ವರ್ಷದ ಕೊನೆಗೆ ಅದು ಕಾಯ್ದೆಯಾಯಿತು. ಸಾರಿಗೆ ನೌಕರರು ಮುಷ್ಕರ ಹೂಡಿದಾಗಲೆಲ್ಲ ನಾವು ಕೇಳುವ ‘ಎಸ್ಮಾ’ (ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ) ಎಂಬ ಪದದ ಮೂಲ ಅಲ್ಲಿದೆ. ಬ್ರಿಟಿಷರ ಕಾನೂನು ಮುರಿದು ಜೈಲಿಗೆ ಹೋಗಿದ್ದವರು ಈಗ ಕಾನೂನು ಮುರಿದ ನೌಕರರ ಎದುರಿನ ಪಾಳೆಯದಲ್ಲಿ. ಅಧಿಕಾರಕ್ಕೆ ಬಂದ ಆ ಪೀಳಿಗೆಯ ಎಲ್ಲರಿಗೂ ಈ ಇಕ್ಕಟ್ಟು ಬಂತು. ಅದರಿಂದ ಚೆನ್ನಾಗಿ ಹೊರಬಂದವರು ಕಡಿಮೆ, ಆ ಸರ್ಕಾರವೂ ಬರಲಿಲ್ಲ.

1969ರ ಫೆಬ್ರುವರಿ 14ರಂದು ಖಾತೆ ಬದಲಾಗಿ ಅವರು ಉಕ್ಕು ಮತ್ತು ಭಾರಿ ಎಂಜಿನಿಯರಿಂಗ್ ಸಚಿವರಾದರು. ಹೌರಾ–ದೆಹಲಿ ನಡುವೆ ದೇಶದ ಮೊದಲ ರಾಜಧಾನಿ ಎಕ್ಸ್‌ಪ್ರೆಸ್ ಹೊರಟದ್ದು ಮಾರ್ಚ್‌ನಲ್ಲಿ, ರಾಮ್ ಸುಭಗ್ ಸಿಂಗ್ ಅವರ ಕಾಲದಲ್ಲಿ. ಅಂಥ ರೈಲು ಎರಡು ವಾರದಲ್ಲಿ ಸಿದ್ಧವಾಗುವುದಿಲ್ಲ. ಆದರೆ ಮಂತ್ರಿಗಿರಿಯಲ್ಲಿ ಬಿತ್ತಿದವರಿಗೂ ಕೊಯ್ದವರಿಗೂ ನಂಟಿರಬೇಕೆಂದಿಲ್ಲ. ಅದೇ ವರ್ಷದ ಕೊನೆಗೆ ಕಾಂಗ್ರೆಸ್ ಇಬ್ಭಾಗವಾಯಿತು. ಒಂದು ಕಡೆ ಇಂದಿರಾ ಗಾಂಧಿ, ಇನ್ನೊಂದು ಕಡೆ ಪಕ್ಷದ ಅಧ್ಯಕ್ಷ ನಿಜಲಿಂಗಪ್ಪ. ಪೂಣಚ್ಚನವರ ಕೇಂದ್ರ ಸಚಿವ ಜೀವನವೂ ಆ ಬಿರುಕಿನ ಕಾಲಕ್ಕೇ ಮುಗಿಯಿತು.

ಮತ್ತೆ ಹೆಸರು ಕೇಳಿಬಂದದ್ದು 1978ರ ಆಗಸ್ಟ್‌ನಲ್ಲಿ. ಜನತಾ ಸರ್ಕಾರ ಅವರನ್ನು ಮಧ್ಯಪ್ರದೇಶದ ರಾಜ್ಯಪಾಲರನ್ನಾಗಿ ನೇಮಿಸಿತು. ರಾಜ್ಯಪಾಲರೆಂದರೆ ಸಾಮಾನ್ಯ ದಿನಗಳಲ್ಲಿ ಮಂತ್ರಿಮಂಡಲದ ಸಲಹೆಯಂತೆ ಸಹಿ ಹಾಕುವವರು. ಸಂಪುಟ ಸಭೆಯಲ್ಲಿ ಅವರಿಗೆ ಕುರ್ಚಿಯಿಲ್ಲ. ಮಡಿಕೇರಿಯಲ್ಲಿ ಬೇಡಿಯವರಿಗಿದ್ದ ಅಧಿಕಾರ ಭೋಪಾಲದಲ್ಲಿ ಪೂಣಚ್ಚನವರಿಗೆ ಇರಲಿಲ್ಲ.

ಆ ಸಾಮಾನ್ಯ ದಿನಗಳು ಮುಗಿದದ್ದು 1980ರಲ್ಲಿ. ಜನವರಿಯಲ್ಲಿ ಇಂದಿರಾ ಗಾಂಧಿ ಅಧಿಕಾರಕ್ಕೆ ಮರಳಿದರು. ಫೆಬ್ರುವರಿಯಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ಒಂದೇ ಏಟಿಗೆ ವಿಸರ್ಜಿಸಲಾಯಿತು. ಮಧ್ಯಪ್ರದೇಶ, ಒಡಿಶಾ ಎರಡೂ ಆ ಪಟ್ಟಿಯಲ್ಲಿದ್ದವು. ಭೋಪಾಲದಲ್ಲಿ ಸುಂದರ್‌ಲಾಲ್ ಪಟ್ವಾ ಮುಖ್ಯಮಂತ್ರಿಯಾಗಿ ತಿಂಗಳೂ ತುಂಬಿರಲಿಲ್ಲ. ಸಂವಿಧಾನದ 356ನೇ ವಿಧಿಯಂತೆ ರಾಷ್ಟ್ರಪತಿ ಆಳ್ವಿಕೆ ಬಂದರೆ ಮಂತ್ರಿಮಂಡಲ ಇರುವುದಿಲ್ಲ, ರಾಜ್ಯದ ಕಾನೂನು ಮಾಡುವ ಅಧಿಕಾರ ಸಂಸತ್ತಿಗೆ ಹೋಗುತ್ತದೆ, ಆಡಳಿತವನ್ನು ರಾಷ್ಟ್ರಪತಿಯ ಪರವಾಗಿ ರಾಜ್ಯಪಾಲರು ನಡೆಸುತ್ತಾರೆ. ಈ ಮೂರು ಸಾಲುಗಳನ್ನು ಮತ್ತೊಮ್ಮೆ ಓದಿದರೆ ಎಲ್ಲೋ ಕೇಳಿದಂತಿದೆ ಅನಿಸದೇ ಇರದು. ಇಪ್ಪತ್ತೆಂಟು ವರ್ಷಗಳ ಹಿಂದೆ ಹಗ್ಗದ ಒಂದು ತುದಿಯಲ್ಲಿದ್ದವರು ಈಗ ಇನ್ನೊಂದು ತುದಿಯಲ್ಲಿದ್ದರು. ಆಗ ಎರಡು ಲಕ್ಷ ಚಿಲ್ಲರೆ ಜನರ ರಾಜ್ಯ, ಈಗ ಕೋಟಿಗಳ ಲೆಕ್ಕದ ರಾಜ್ಯ.

ಏಪ್ರಿಲ್ ಕೊನೆಯಲ್ಲಿ ಅವರನ್ನು ಒಡಿಶಾಕ್ಕೆ ವರ್ಗ ಮಾಡಲಾಯಿತು. ಜನತಾ ಸರ್ಕಾರ ನೇಮಿಸಿದ ರಾಜ್ಯಪಾಲರನ್ನು ಇಂದಿರಾ ಸರ್ಕಾರ ಮನೆಗೆ ಕಳಿಸಲಿಲ್ಲ, ಊರು ಬದಲಿಸಿತು. ಅಲ್ಲಿಯೂ ಆಗ ರಾಷ್ಟ್ರಪತಿ ಆಳ್ವಿಕೆ. ಜೂನ್ 9ರಂದು ಜೆ.ಬಿ. ಪಟ್ನಾಯಕ್ ಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದರು. ನಡುವೆ ಕೆಲವು ತಿಂಗಳು ಬಿಟ್ಟರೆ 1983ರ ಆಗಸ್ಟ್‌ವರೆಗೆ ಪೂಣಚ್ಚನವರು ಭುವನೇಶ್ವರದ ರಾಜಭವನದಲ್ಲಿದ್ದರು. ಜೂನ್ 9ರಿಂದಾಚೆಗೆ ಒಡಿಶಾದ ಸಂಪುಟ ಸಭೆಗಳಿಗೆ ಅಧ್ಯಕ್ಷತೆ ವಹಿಸಿದವರು ಅಲ್ಲಿನ ಮುಖ್ಯಮಂತ್ರಿ, ರಾಜ್ಯಪಾಲರಲ್ಲ.